ಮತ್ತೆ ಶುರುಮಾಡುವ ಗುಂಡಿ ಇಲ್ಲದ ರಸ್ತೆ

ಅಪಾಯವೇ ಇಲ್ಲದ ಕಡೆ ತೋರಿಸಿದ ಧೈರ್ಯ ಧೈರ್ಯವೇ? ಯಾರಿಗೂ ನೋವಾಗದ ತಪ್ಪು ತಪ್ಪೇ? ಹಳೆಯ ತತ್ತ್ವಶಾಸ್ತ್ರದ ಈ ಪ್ರಶ್ನೆಗಳು ಈಗ ನಮ್ಮ ಮನೆಗಳ ಪಡಸಾಲೆಗೇ ಬಂದಿವೆ. ಕಂಪ್ಯೂಟರಿನ ಮುಂದೆ ಸ್ಟೇರಿಂಗು, ಪೆಡಲುಗಳನ್ನು ಜೋಡಿಸಿಕೊಂಡು ರೇಸ್ ಕಾರು ಓಡಿಸುವ ಆಟಕ್ಕೆ ಸಿಮ್ ರೇಸಿಂಗ್ ಎಂದು ಹೆಸರು. "ಫಾದರ್, ಇದರಿಂದ ಮಗ ಕೆಡುವುದಿಲ್ಲವೇ?" ಎಂದು ತಾಯಂದಿರು ಕೇಳುವುದು ಸಹಜ. ಉತ್ತರ ಹೇಳುವ ಮೊದಲು ಆಟವೇನೆಂದು ತಿಳಿಯೋಣ.

ಜರ್ಮನಿಯ ಐಫೆಲ್ ಬೆಟ್ಟಗಳಲ್ಲಿ ನ್ಯೂರ್‌ಬರ್ಗ್‌ರಿಂಗ್ ಎಂಬ ರೇಸ್ ಹಾದಿಯಿದೆ. 1927ರಲ್ಲಿ ತೆರೆದದ್ದು. ಅದರ ಉತ್ತರ ಸುತ್ತು ಸುಮಾರು 21 ಕಿಲೋಮೀಟರ್ ಉದ್ದ. ಅತಿ ತಗ್ಗಿನ ಜಾಗಕ್ಕೂ ಅತಿ ಎತ್ತರದ ಜಾಗಕ್ಕೂ 300 ಮೀಟರಿನಷ್ಟು ಅಂತರ. ಆ ಹಾದಿಯನ್ನು ಲೇಸರ್ ಕಿರಣಗಳಿಂದ ಅಳೆದು, ಉಬ್ಬುತಗ್ಗುಗಳ ಸಮೇತ ಆಟದೊಳಗೆ ತಂದಿದ್ದಾರೆ. ದಿಬ್ಬದ ನೆತ್ತಿಯಲ್ಲಿ ಕಾರು ಹಗುರವಾಗಿ ಚಕ್ರಗಳ ಹಿಡಿತ ಸಡಿಲವಾಗುತ್ತದೆ; ತಗ್ಗಿನಲ್ಲಿ ಭಾರ ಒತ್ತಿ ಹಿಡಿತ ಹೆಚ್ಚುತ್ತದೆ. ಒಂದು ತಿರುವು ಮುಗಿಯುವ ಜಾಗವೇ ಮುಂದಿನ ತಿರುವಿನ ಬಾಗಿಲು. ಮೊದಲನೆಯದರಲ್ಲಿ ದುರಾಸೆ ಪಟ್ಟವನು ಮೂರನೆಯದರಲ್ಲಿ ಬೆಲೆ ತೆರುತ್ತಾನೆ. ದಿಬ್ಬದಾಚೆಗೆ ಏನಿದೆಯೆಂದು ಕಣ್ಣಿಗೆ ಕಾಣದು. ನೆನಪನ್ನು ನಂಬಿಯೇ ಬ್ರೇಕು ಒತ್ತಬೇಕು. ನೂರಾರು ಸುತ್ತು ಹಾಕಿದವನಿಗೆ ಮಾತ್ರ ಅದು ಒಲಿಯುತ್ತದೆ. ಇಷ್ಟು ತಾಳ್ಮೆ ಬೇಡುವ ಅಭ್ಯಾಸವನ್ನು ಬರೀ ಕಾಲಹರಣವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಇಲ್ಲಿ ಸಂತ ತೋಮಸ್ ಅಕ್ವಿನಾಸರು ನಮಗೆ ನೆರವಾಗುತ್ತಾರೆ. ಅರಿಸ್ಟಾಟಲನನ್ನು ಅನುಸರಿಸಿ ಅವರು ಕುಶಲವಿದ್ಯೆಗೂ ವಿವೇಕಕ್ಕೂ ಒಂದು ವ್ಯತ್ಯಾಸ ಹೇಳಿದರು. ವಿದ್ಯೆಯಲ್ಲಿ ಬೇಕೆಂದೇ ತಪ್ಪು ಮಾಡಿದವನು ಅರಿಯದೆ ತಪ್ಪಿದವನಿಗಿಂತ ಮೇಲು. ಬರೆಯಬಲ್ಲವನು ಬೇಕೆಂದು ಕಾಗುಣಿತ ತಪ್ಪಿದರೆ ಅವನ ಅಕ್ಷರಜ್ಞಾನಕ್ಕೆ ಕುಂದಿಲ್ಲ. ವಿವೇಕದಲ್ಲಿ ಇದು ತಿರುಗುಮುರುಗು: ಬೇಕೆಂದೇ ತಪ್ಪಿದವನೇ ಹೆಚ್ಚು ದೋಷಿ. ಸಿಮ್ಯುಲೇಟರಿನಲ್ಲಿ ಒಬ್ಬನೇ ಓಡಿಸುವ ಹುಡುಗ ಮಿತಿಯೆಲ್ಲಿದೆ ಎಂದು ತಿಳಿಯಲು ಬೇಕೆಂದೇ ಮಿತಿ ಮೀರಿ ಗೋಡೆಗೆ ಗುದ್ದುತ್ತಾನೆ. ಅದು ವಿದ್ಯೆ. ಗುಂಡಿ ಒತ್ತಿದರೆ ಕಾರು ಹೊಸದಾಗಿ ನಿಲ್ಲುತ್ತದೆ. ಅದೇ ಕೆಲಸವನ್ನು ರಸ್ತೆಯಲ್ಲಿ ಮಾಡಿದರೆ ಪಾಪ.

ಹಾಗಾದರೆ ಗಡಿ ಎಲ್ಲಿದೆ? ಪರದೆಯೇ ಗಡಿ ಎಂದು ನಾವು ಭಾವಿಸುತ್ತೇವೆ. ನನಗೆ ಹಾಗೆ ತೋರುವುದಿಲ್ಲ. ಅಂತರ್ಜಾಲದ ಮೂಲಕ ಹತ್ತಾರು ಮಂದಿ ಒಟ್ಟಿಗೆ ಸ್ಪರ್ಧಿಸುವಾಗ ಕಾರುಗಳು ಸುಳ್ಳು, ಆದರೆ ಓಡಿಸುವವರು ನಿಜ. ಇಡೀ ವಾರ ಅಭ್ಯಾಸ ಮಾಡಿ ಬಂದವನನ್ನು ತಿರುವಿನಲ್ಲಿ ತಳ್ಳಿ ಮುಂದೆ ಹೋದರೆ ಕದ್ದದ್ದು ಅವನ ನಿಜವಾದ ಸಂಜೆಯನ್ನು. ಅಲ್ಲಿ ತಗಡು ನಜ್ಜುಗುಜ್ಜಾಗದಿದ್ದರೂ ನ್ಯಾಯ ನಜ್ಜುಗುಜ್ಜಾಗಿದೆ. ಇನ್ನೊಬ್ಬ ಮನುಷ್ಯ ಎಲ್ಲಿ ಎದುರಾಗುತ್ತಾನೋ ಅಲ್ಲಿಂದಲೇ ನೀತಿ ಆರಂಭವಾಗುತ್ತದೆ.

ಬ್ರಿಟನ್ನಿನ ಜಾನ್ ಮಾರ್ಡನ್‌ಬರೋ 2011ರಲ್ಲಿ ಗ್ರ್ಯಾನ್ ಟುರಿಸ್ಮೋ ಎಂಬ ಆಟದ ಆಟಗಾರರಿಗಾಗಿ ನಡೆದ ಸ್ಪರ್ಧೆಯಲ್ಲಿ ಗೆದ್ದು ನಿಜವಾದ ರೇಸ್ ಚಾಲಕರಾದರು. ವಿದ್ಯೆ ಪರದೆಯಿಂದ ರಸ್ತೆಗೆ ದಾಟಬಲ್ಲದು ಎಂಬುದಕ್ಕೆ ಅವರೇ ಸಾಕ್ಷಿ. ಆದರೆ 2015ರ ಮಾರ್ಚಿನಲ್ಲಿ ಅದೇ ನ್ಯೂರ್‌ಬರ್ಗ್‌ರಿಂಗ್‌ನ ಒಂದು ದಿಬ್ಬದಲ್ಲಿ ಅವರ ಕಾರಿನ ಮೂತಿ ಗಾಳಿಗೆದ್ದು, ಕಾರು ಬೇಲಿ ದಾಟಿ ಬಿದ್ದು, ನೋಡಲು ಬಂದಿದ್ದ ಒಬ್ಬರು ಸತ್ತರು. ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಅಲ್ಲಿ ಗುಂಡಿ ಒತ್ತಿ ಮತ್ತೆ ಶುರುಮಾಡಲು ಯಾರಿಗೂ ಆಗಲಿಲ್ಲ, ಅಷ್ಟೇ. ಮುಂದಿನ ವರ್ಷದ ಸ್ಪರ್ಧೆಗಳಿಗೆ ಮೊದಲು ಆ ದಿಬ್ಬದ ಉಬ್ಬುಗಳನ್ನು ತಗ್ಗಿಸಿದರು.

ಧೈರ್ಯದ ಪಾಠವನ್ನೂ ಅದೇ ಹಾದಿ ಕಲಿಸಿದೆ. 1976ರ ಆಗಸ್ಟ್ 1ರಂದು ಆಸ್ಟ್ರಿಯಾದ ನಿಕಿ ಲೌಡಾ ಅಲ್ಲಿ ಬೆಂಕಿಗೆ ಸಿಕ್ಕಿದರು. ಬದುಕುವ ಭರವಸೆಯಿಲ್ಲದೆ ಆಸ್ಪತ್ರೆಯಲ್ಲಿ ಗುರುಗಳೊಬ್ಬರು ಅವರಿಗೆ ಅಂತಿಮ ಅಭ್ಯಂಗವನ್ನೂ ಕೊಟ್ಟರು. ಆರು ವಾರಗಳಲ್ಲಿ ಅವರು ಮತ್ತೆ ಕಾರು ಹತ್ತಿದರು. ಲೋಕ ಅದನ್ನು ಶೌರ್ಯವೆಂದು ಹೊಗಳಿತು. ನನಗೆ ದೊಡ್ಡದೆನಿಸುವುದು ಅದೇ ಅಕ್ಟೋಬರಿನಲ್ಲಿ ಜಪಾನಿನಲ್ಲಿ ನಡೆದದ್ದು. ವರ್ಷದ ಕೊನೆಯ ಸ್ಪರ್ಧೆ, ಸುರಿಯುವ ಮಳೆ. ಲೌಡಾ ಎರಡು ಸುತ್ತು ಓಡಿಸಿ ತಾವಾಗಿಯೇ ಕಾರು ನಿಲ್ಲಿಸಿ ಇಳಿದುಬಿಟ್ಟರು. ವಿಶ್ವಪಟ್ಟ ಒಂದೇ ಅಂಕದಿಂದ ಕೈತಪ್ಪಿತು. ಓಡಿಸುವ ಧೈರ್ಯಕ್ಕಿಂತ ನಿಲ್ಲಿಸುವ ಧೈರ್ಯ ಅಪರೂಪದ್ದು. ವಿವೇಕವಿಲ್ಲದ ಧೈರ್ಯ ಸದ್ಗುಣವಲ್ಲ, ಬರೀ ದುಡುಕು.

ಪ್ರಿಯ ಓದುಗರೇ, ನಮ್ಮ ಹಾದಿಗಳನ್ನೂ ಒಮ್ಮೆ ನೆನೆಯಿರಿ. ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆ ಕಡ್ಡಿರಾಂಪುರದ ಬಳಿ ಬಂಡೆಗುಡ್ಡಗಳ ನಡುವೆ ಬಳುಕುತ್ತದೆ. ಸಂಡೂರಿನ ಗುಡ್ಡಗಳಲ್ಲಿ ಅದಿರಿನ ಲಾರಿಗಳು ಏರಿ ಇಳಿಯುತ್ತವೆ. ಬೈಕಿನ ಮೇಲೆ ಕುಳಿತ ಹದಿನೆಂಟರ ಹುಡುಗನಿಗೆ ಈ ತಿರುವುಗಳೂ ಕೈಬೀಸಿ ಕರೆಯುತ್ತವೆ. ಆದರೆ ತಿರುವಿನಾಚೆ ಕಬ್ಬಿನ ಟ್ರ್ಯಾಕ್ಟರ್ ಇರಬಹುದು, ಕುರಿಮಂದೆ ಇರಬಹುದು, ಶಾಲೆ ಬಿಟ್ಟ ಮಕ್ಕಳಿರಬಹುದು. ರೇಸ್ ಹಾದಿಯನ್ನು ಬಾಯಿಪಾಠ ಮಾಡಬಹುದು. ಊರ ರಸ್ತೆಯನ್ನು ಮಾಡಲಾಗದು. ಅದು ದಿನವೂ ಹೊಸದು, ಏಕೆಂದರೆ ಅದರ ಮೇಲೆ ನಮ್ಮ ನೆರೆಯವರು ನಡೆಯುತ್ತಾರೆ.

ಆದ್ದರಿಂದ ತಂದೆತಾಯಿಗಳೇ, ಆಟವನ್ನು ಕಸಿದುಕೊಳ್ಳುವ ಮೊದಲು ಮಗನ ಪಕ್ಕದಲ್ಲಿ ಕುಳಿತು ಒಂದು ಸುತ್ತು ನೋಡಿ. ಎದುರಾಳಿಗೆ ಗುದ್ದಿದಾಗ ಅವನು ನಗುತ್ತಾನೋ, ಕ್ಷಮೆ ಕೇಳುತ್ತಾನೋ ಗಮನಿಸಿ. ನೀವು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿದೆ. ದಿಬ್ಬದಾಚೆ ಕಾಣದಿದ್ದಾಗ ವೇಗ ತಗ್ಗಿಸುವುದನ್ನು ಅವನು ಅಲ್ಲಿ ಕಲಿತಿದ್ದರೆ, ಅದನ್ನೇ ರಸ್ತೆಗೂ ತರಲು ಹೇಳಿ. ಇಲ್ಲಿ ತಗ್ಗಿಸುವುದು ಸಮಯ ಗೆಲ್ಲಲಿಕ್ಕಲ್ಲ, ಆಚೆ ಬರುತ್ತಿರುವವನು ಸುಖವಾಗಿ ಮನೆ ಸೇರಲಿ ಎಂದು.