ತೀರ್ಪುಗಾರನೂ ಪ್ರಾರ್ಥನೆಯೂ

2002ರ ಜೂನ್ 30ರಂದು ಜಪಾನಿನ ಯೊಕೊಹಾಮಾ ನಗರದಲ್ಲಿ ವಿಶ್ವಕಪ್ ಕಾಲ್ಚೆಂಡಾಟದ ಅಂತಿಮ ಪಂದ್ಯವನ್ನು ಗೆದ್ದ ಬ್ರೆಜಿಲ್ ತಂಡದವರು ಮೈದಾನದಲ್ಲಿಯೇ ವರ್ತುಲಾಕಾರವಾಗಿ ಮೊಣಕಾಲೂರಿ ದೇವರಿಗೆ ಕೃತಜ್ಞತೆಯನ್ನು ಸಲ್ಲಿಸಿದರು. ಗೆದ್ದವನು ಗೆಲವನ್ನು ತನ್ನದೆಂದು ಬೀಗದೆ ಮೇಲಿನವನಿಗೆ ಒಪ್ಪಿಸುವುದು ಧರ್ಮದ ಮೊದಲ ಪಾಠಗಳಲ್ಲೊಂದಾದುದರಿಂದ ಆ ದೃಶ್ಯ ನನಗೆ ಹಿತವಾಗಿಯೇ ಕಂಡಿತು. ಆದರೆ ಅಂದು ಎರಡು ಗೋಲುಗಳಿಂದ ಸೋತ ಜರ್ಮನಿಯೂ ಲೂಥರನ ನಾಡು. ಅಲ್ಲಿಯ ಮನೆಗಳಲ್ಲಿಯೂ ಅದೇ ತಂದೆಯನ್ನು ಅದೇ ಪುತ್ರನ ಹೆಸರಿನಲ್ಲಿ ಬೇಡಿಕೊಂಡವರು ಇದ್ದಿರಲೇಬೇಕು. ಒಂದೇ ಪಂದ್ಯದ ಎರಡು ವಿರುದ್ಧ ಫಲಗಳನ್ನು ಒಬ್ಬನೇ ದೇವರಲ್ಲಿ ಬೇಡುವ ಈ ಭಕ್ತರು ಆತನನ್ನು ಯಾವ ಸ್ಥಾನದಲ್ಲಿ ಕೂರಿಸುತ್ತಾರೆ?

ಪಕ್ಷಪಾತಿಯಾದ ರೆಫರಿಯ ಸ್ಥಾನದಲ್ಲಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಮೈದಾನದಲ್ಲಿ ಯಾವುದನ್ನು ಲಂಚವೆಂದು, ಅನ್ಯಾಯವೆಂದು ಧಿಕ್ಕರಿಸುತ್ತೇವೆಯೋ ಅದನ್ನೇ ದೇವರಿಂದ ಅಪೇಕ್ಷಿಸಿ ಅದಕ್ಕೆ ಪ್ರಾರ್ಥನೆಯೆಂಬ ಹೆಸರಿಡುವುದು ನನಗೆ ಸಹಿಸದು. ಪರ್ವತ ಪ್ರಸಂಗದಲ್ಲಿ ಯೇಸುಸ್ವಾಮಿಯು ತಂದೆಯ ಸ್ವಭಾವವನ್ನು ತೋರಿಸಲು ಆರಿಸಿಕೊಂಡ ನಿದರ್ಶನಗಳು ಬಿಸಿಲು ಮತ್ತು ಮಳೆ. ಅವೆರಡೂ ಯಾರ ಹೊಲವೆಂದು ವಿಚಾರಿಸುವುದಿಲ್ಲ.

ಈ ಆಟಕ್ಕೆ ರೆಫರಿ ಬಂದ ಬಗೆಯೇ ಮನನಯೋಗ್ಯವಾದುದು. ಇಂಗ್ಲೆಂಡಿನ ವಿದ್ಯಾಶಾಲೆಗಳಲ್ಲಿ ಈ ಆಟ ರೂಪುಗೊಳ್ಳುತ್ತಿದ್ದ ಕಾಲದಲ್ಲಿ ತಂಟೆಗಳನ್ನು ಇತ್ತಂಡಗಳ ನಾಯಕರೇ ಮಾತನಾಡಿ ಬಗೆಹರಿಸಿಕೊಳ್ಳುತ್ತಿದ್ದರು. ಅದು ಸಾಲದೆಹೋದಾಗ ಪಕ್ಷಕ್ಕೊಬ್ಬರಂತೆ ಇಬ್ಬರು ಅಂಪೈರುಗಳು ಬಂದರು. ಅವರಿಬ್ಬರೂ ಒಪ್ಪದಿದ್ದಾಗ ಕೇಳುವುದಕ್ಕೆಂದು ಮೈದಾನದ ಹೊರಗೆ ಮೂರನೆಯವನೊಬ್ಬನನ್ನು ನಿಲ್ಲಿಸಿದರು. 1891ರಲ್ಲಿ ಈ ಮೂರನೆಯವನು ಮೈದಾನದೊಳಕ್ಕೆ ಬಂದು ಪೂರ್ಣಾಧಿಕಾರವನ್ನು ವಹಿಸಿಕೊಂಡನು, ಅಂಪೈರುಗಳು ಗೆರೆಯ ಬಳಿಗೆ ಸರಿದು ಲೈನ್ಸ್‌ಮನ್ನರಾದರು. ಪೆನಾಲ್ಟಿಯೂ ಅದೇ ವರ್ಷ ಹುಟ್ಟಿತು. ಆಟಗಾರರ ಸತ್ಯನಿಷ್ಠೆ ಹಿಂದೆಗೆದಷ್ಟೂ ತೀರ್ಪುಗಾರನು ಒಳಗೊಳಗೆ ಬಂದನೆಂಬುದು ಈ ಚರಿತ್ರೆಯಿಂದ ನಾನು ಗ್ರಹಿಸುವ ಅರ್ಥ. ಇಂದಿಗೂ ಆಟದ ಘಟನೆಗಳ ವಿಷಯದಲ್ಲಿ ರೆಫರಿಯ ನಿರ್ಣಯವೇ ಅಂತಿಮವೆಂದು ನಿಯಮ ಹೇಳುತ್ತದೆ. ಸರ್ವಜ್ಞನಲ್ಲದವನಿಗೆ ಅಂತಿಮ ಮಾತನ್ನು ಕೊಟ್ಟಿರುವ ಈ ಏರ್ಪಾಟು ಎಷ್ಟು ದುರ್ಬಲವೋ ಅಷ್ಟೇ ಅನಿವಾರ್ಯ.

ಆ ದೌರ್ಬಲ್ಯವು ಲೋಕವೆಲ್ಲ ನೋಡುವಂತೆ ಬಯಲಾದುದು 1986ರ ಜೂನ್ 22ರಂದು, ಮೆಕ್ಸಿಕೋ ನಗರದ ಅಸ್ತೇಕಾ ಕ್ರೀಡಾಂಗಣದಲ್ಲಿ. ಲಕ್ಷಕ್ಕೂ ಮಿಕ್ಕ ಪ್ರೇಕ್ಷಕರ ಮುಂದೆ ಅರ್ಜೆಂಟೀನದ ಮರಡೋನಾ, ಇಂಗ್ಲೆಂಡಿನ ಗೋಲಿ ಷಿಲ್ಟನ್ನನೊಡನೆ ಮೇಲಕ್ಕೆ ನೆಗೆದು ಚೆಂಡನ್ನು ಎಡಗೈಯಿಂದ ಬಲೆಗೆ ತಳ್ಳಿದನು. ಟ್ಯುನೀಸಿಯಾದ ರೆಫರಿ ಅಲಿ ಬೆನ್ನಾಸರ್ ಕೈಯನ್ನು ಕಾಣಲಿಲ್ಲ. ತನಗಿಂತ ಅನುಕೂಲ ಸ್ಥಾನದಲ್ಲಿದ್ದ ಬಲ್ಗೇರಿಯಾದ ಲೈನ್ಸ್‌ಮನ್ ದೋಚೆವನ ಕಡೆಗೆ ನೋಡಿದನು. ಅವನ ಬಾವುಟ ಮೇಲೇಳಲಿಲ್ಲ. ಗೋಲು ಗೋಲೆಂದೇ ದಾಖಲಾಯಿತು. ನಾಲ್ಕು ನಿಮಿಷಗಳ ಬಳಿಕ ಅದೇ ಮರಡೋನಾ ಅರ್ಧ ಮೈದಾನವನ್ನು ದಾಟಿ ಎದುರಾದವರನ್ನೆಲ್ಲ ತಪ್ಪಿಸಿ ಹೊಡೆದ ಗೋಲು ಮನುಷ್ಯದೇಹದಿಂದ ಸಾಧ್ಯವಾಗತಕ್ಕ ಸೌಂದರ್ಯದ ಪರಾಕಾಷ್ಠೆ. ಅರ್ಜೆಂಟೀನ 2–1ರಿಂದ ಗೆದ್ದಿತು. ಪಂದ್ಯದ ಬಳಿಕ ಅವನು ಮೊದಲನೆಯ ಗೋಲಿನ ಶ್ರೇಯಸ್ಸಿನಲ್ಲಿ ಒಂದು ಪಾಲನ್ನು ದೇವರ ಕೈಗೆ ಹಂಚಿದನು. ಲೋಕ ಅದನ್ನು ಚಮತ್ಕಾರವೆಂದು ಮೆಚ್ಚಿಕೊಂಡಿತು. ನಾನು ಇಂದಿಗೂ ಮೆಚ್ಚಲಾರೆ. ದೇವರ ನಾಮವನ್ನು ವ್ಯರ್ಥವಾಗಿ ಎತ್ತಬಾರದೆಂಬ ಆಜ್ಞೆಗೆ ಇದಕ್ಕಿಂತ ಸ್ಪಷ್ಟವಾದ ಉಲ್ಲಂಘನೆಯನ್ನು ಹುಡುಕುವುದು ಕಷ್ಟ.

ಆ ಗಳಿಗೆಯಲ್ಲಿ ರೆಫರಿಗೆ ತಿಳಿಯದಿದ್ದ, ಲೈನ್ಸ್‌ಮನ್ನನು ತಿಳಿಸದಿದ್ದ ಸತ್ಯವು ಮೈದಾನದಲ್ಲಿ ಇಲ್ಲದೆ ಇರಲಿಲ್ಲ. ಅದು ಒಬ್ಬ ಮನುಷ್ಯನ ಎದೆಯಲ್ಲಿ ಅಖಂಡವಾಗಿ ಇದ್ದಿತು. ಪ್ರಾರ್ಥನೆಯ ಪ್ರಶ್ನೆ ನನಗೆ ತೆರೆಯುವುದು ಇಲ್ಲಿ. ಕೇಳುವ ಮೊದಲೇ ನಮ್ಮ ಅಗತ್ಯವನ್ನು ಬಲ್ಲ ದೇವರನ್ನು ಕೇಳಬೇಕೇಕೆ ಎಂಬ ಸಂದೇಹಕ್ಕೆ ಸಂತ ಅಗಸ್ಟೀನನು ಪ್ರೋಬಾ ಎಂಬ ರೋಮಿನ ವಿಧವೆಗೆ ಬರೆದ ದೀರ್ಘಪತ್ರದಲ್ಲಿ ಸಮಾಧಾನ ಹೇಳಿದ್ದಾನೆ: ಪ್ರಾರ್ಥನೆಯು ದೇವರಿಗೆ ಸುದ್ದಿ ಮುಟ್ಟಿಸುವುದಕ್ಕಲ್ಲ, ಆತನು ಕೊಡುವುದನ್ನು ಸ್ವೀಕರಿಸಲು ನಮ್ಮ ಆಕಾಂಕ್ಷೆಯನ್ನು ಹಿಗ್ಗಿಸುವುದಕ್ಕೆ ಎಂಬುದು ಅದರ ತಾತ್ಪರ್ಯ. ಅದಕ್ಕೆ ನನ್ನ ಅನುಭವದಿಂದ ಒಂದನ್ನು ಸೇರಿಸಬಯಸುತ್ತೇನೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಈಗಾಗಲೇ ಎಲ್ಲವನ್ನೂ ಕಂಡವನ ಎದುರಿಗೆ ನಿಂತಾಗ ವಾದಕ್ಕೂ ನಟನೆಗೂ ಎಡೆಯಿಲ್ಲ. ತನ್ನ ವಿಷಯದಲ್ಲಿ ತಾನೇ ಯಥಾರ್ಥವಾದ ಸಾಕ್ಷಿ ನುಡಿಯುವುದೊಂದೇ ಉಳಿಯುತ್ತದೆ. ಲೂಕನ ಸುವಾರ್ತೆಯಲ್ಲಿ ದೇವಾಲಯಕ್ಕೆ ಹೋದ ಫರಿಸಾಯನೂ ಸುಂಕದವನೂ ಇಬ್ಬರೂ ಪ್ರಾರ್ಥಿಸಿದರು. ತನ್ನ ಮೇಲೆ ತಾನೇ ಸಾಕ್ಷಿಯಾದವನು ನೀತಿವಂತನೆನಿಸಿ ಮನೆಗೆ ಹೋದನು.

ಇಂಥ ಸಾಕ್ಷ್ಯ ಮೈದಾನದಲ್ಲಿ ಕೇಳಿಬಂದುದೂ ಉಂಟು. 2012ರ ಸೆಪ್ಟೆಂಬರಿನಲ್ಲಿ ನೇಪಲ್ಸಿನಲ್ಲಿ ಲಾಟ್ಸಿಯೋ ತಂಡಕ್ಕಾಗಿ ಆಡುತ್ತಿದ್ದ ಜರ್ಮನಿಯ ಮಿರೊಸ್ಲಾವ್ ಕ್ಲೋಸೆ, ರೆಫರಿ ಮಾನ್ಯಮಾಡಿದ್ದ ತನ್ನ ಗೋಲು ಕೈಗೆ ತಗುಲಿ ಹೋದುದೆಂದು ತಾನಾಗಿ ಹೇಳಿದನು. ಗೋಲು ರದ್ದಾಯಿತು, ಅವನ ತಂಡ 3–0ರಿಂದ ಸೋತಿತು. 1997ರ ಮಾರ್ಚಿನಲ್ಲಿ ಲಂಡನ್ನಿನ ಹೈಬರಿಯಲ್ಲಿ ಲಿವರ್‌ಪೂಲಿನ ರಾಬಿ ಫೌಲರ್, ಗೋಲಿ ಸೀಮನ್ ತನ್ನನ್ನು ಕೆಡವಲಿಲ್ಲ, ಪೆನಾಲ್ಟಿ ಬೇಡವೆಂದು ರೆಫರಿಗೆ ತಿಳಿಸಿದರೂ ರೆಫರಿ ತೀರ್ಪನ್ನು ಬದಲಿಸಲಿಲ್ಲ. ಫೌಲರನ ಒದೆತವನ್ನು ಸೀಮನ್ ತಡೆದನು. ಮರಳಿ ಬಂದ ಚೆಂಡನ್ನು ಸಂಗಡಿಗನು ಗೋಲಿಗೆ ಅಟ್ಟಿದನು. ಫೌಲರ್ ಬೇಕೆಂದೇ ಮೆಲ್ಲಗೆ ಒದೆಯಬೇಕಿತ್ತೆನ್ನುವವರೊಡನೆ ನಾನು ಸೇರಲಾರೆ. ಸಾಕ್ಷಿಯ ಕರ್ತವ್ಯ ಸತ್ಯವನ್ನು ನುಡಿಯುವುದರಲ್ಲಿ ತೀರಿತು. ತೀರ್ಪಿನ ಹೊಣೆ ತೀರ್ಪುಗಾರನದು. 2018ರ ವಿಶ್ವಕಪ್ಪಿನಿಂದ ವೀಡಿಯೊ ತೀರ್ಪಿನ ನೆರವು ಬಂದಿರುವುದು ಸ್ವಾಗತಾರ್ಹವೇ, ಏಕೆಂದರೆ ಅನ್ಯಾಯದಿಂದ ಸೋತವನ ದುಃಖ ಅಲ್ಪವಾದುದಲ್ಲ. ಆದರೆ ಕ್ಲೋಸೆಯ ಬಾಯಿಂದ ಹೊರಟ ಮಾತನ್ನು ಯಾವ ಯಂತ್ರವೂ ಹೊರಡಿಸಲಾರದು.

ದೇವರ ನ್ಯಾಯವನ್ನು ರೆಫರಿಯ ನ್ಯಾಯದ ಬೃಹದ್ರೂಪವೆಂದು ತಿಳಿಯುವುದೂ ಸಲ್ಲದು. ದ್ರಾಕ್ಷಾತೋಟದ ದೃಷ್ಟಾಂತದಲ್ಲಿ ಯಜಮಾನನು ಬೆಳಗಿನಿಂದ ದುಡಿದವನಿಗೂ ಸಂಜೆಯ ಒಂದೇ ಗಂಟೆ ದುಡಿದವನಿಗೂ ಸಮನಾದ ಕೂಲಿಯನ್ನು ಕೊಡುತ್ತಾನೆ. ಕೊನೆಯ ಗಳಿಗೆಯಲ್ಲಿ ಚೇತರಿಸಿಕೊಂಡ ದುರ್ಬಲ ತಂಡಕ್ಕೆ ಮರುಕದಿಂದ ಒಂದು ಗೋಲನ್ನು ದಯಪಾಲಿಸುವ ರೆಫರಿಯನ್ನು ನಾವು ಕ್ಷಮಿಸಲಾರೆವು. ಮೊದಲರ್ಧದಲ್ಲಿ ಒಂದು ಪಕ್ಷಕ್ಕಾದ ಅನ್ಯಾಯವನ್ನು ಎರಡನೆಯ ಅರ್ಧದಲ್ಲಿ ಸುಳ್ಳು ಪೆನಾಲ್ಟಿಯಿಂದ ಸರಿದೂಗಿಸುವವನನ್ನಂತೂ ಕ್ಷಮಿಸಲೇಬಾರದು. ರೆಫರಿಯ ಬೊಕ್ಕಸದಲ್ಲಿ ಸ್ವಂತದ್ದೇನೂ ಇಲ್ಲ. ಅವನು ಒಬ್ಬನಿಗೆ ತೋರುವ ದಯೆ ಮತ್ತೊಬ್ಬನಿಂದ ಕಿತ್ತದ್ದು. ತೋಟದ ಯಜಮಾನನಾದರೋ ತನ್ನದನ್ನೇ ಕೊಡುತ್ತಾನೆ; ಮೊದಲು ಬಂದವರ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಲಿಲ್ಲ. ಆದುದರಿಂದಲೇ ಕೃಪೆಯನ್ನು ದೇವರಲ್ಲಿ ಬೇಡಬಹುದು, ರೆಫರಿಯಲ್ಲಿ ಬೇಡಬಾರದು.

ಕರ್ತನ ಪ್ರಾರ್ಥನೆಯಲ್ಲಿ ನಾವು ಕೋರುವ ಕ್ಷಮೆ, ನಾವು ಇತರರಿಗೆ ನೀಡಿದ ಕ್ಷಮೆಯೊಂದಿಗೆ ಕಟ್ಟಲ್ಪಟ್ಟಿದೆ. ಆ ಸಾಲನ್ನು ದಿನವೂ ನುಡಿಯುವ ಬಾಯಿಯಿಂದಲೇ ರೆಫರಿಯನ್ನು ಶಪಿಸುವುದನ್ನು ಎಷ್ಟೋ ಮಂದಿ ವಿಶ್ವಾಸಿಗಳಲ್ಲಿ ಕಂಡು ನಾನು ನೊಂದಿದ್ದೇನೆ. ಬೆನ್ನಾಸರನ ಮನೆಗೆ 2015ರಲ್ಲಿ ಮರಡೋನಾ ತಾನಾಗಿ ಹೋಗಿ, ಹಸ್ತಾಕ್ಷರವುಳ್ಳ ಅಂಗಿಯನ್ನು ಕೊಟ್ಟು ಸ್ನೇಹದಿಂದ ಅಪ್ಪಿಕೊಂಡನಂತೆ; ಇಂಗ್ಲೆಂಡಿನವರಿಗೆ ಅದರಿಂದ ಏನೂ ಮರಳಿ ಬರಲಿಲ್ಲವಾದರೂ ಮೂವತ್ತು ವರ್ಷಗಳ ಹತ್ತಿರ ಒಂದು ತಪ್ಪಿನ ಭಾರವನ್ನು ಹೊತ್ತ ತೀರ್ಪುಗಾರನ ಬಾಗಿಲಿಗೆ ಆ ತಪ್ಪಿನ ಕರ್ತೃವೇ ಬಂದುದು ಸಣ್ಣ ಸಂಗತಿಯಲ್ಲ. ಸಂತ ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದಲ್ಲಿ ಅರಸರಿಗಾಗಿಯೂ ಅಧಿಕಾರದಲ್ಲಿರುವವರಿಗಾಗಿಯೂ ಪ್ರಾರ್ಥಿಸಬೇಕೆಂದು ಆದೇಶಿಸುತ್ತಾನೆ. ಆ ಸಾಲಿನಲ್ಲಿ ಸೀಟಿ ಹಿಡಿದವನಿಗೂ ಸ್ಥಳವುಂಟೆಂದು ನಾನು ನಂಬಿದ್ದೇನೆ. ಪಂದ್ಯಕ್ಕೆ ಮೊದಲು ಈಗ ನಾನು ಗೆಲವನ್ನು ಕೇಳುವುದಿಲ್ಲ. ರೆಫರಿಯ ಕಣ್ಣು ನಿರ್ಮಲವಾಗಿರಲೆಂದೂ, ಗದ್ದಲಕ್ಕೆ ಅವನ ಮನಸ್ಸು ಬಾಗದಿರಲೆಂದೂ, ಅವನು ಕಾಣದುದನ್ನು ಕಂಡ ಆಟಗಾರನಿಗೆ ಬಾಯಿ ಬರಲೆಂದೂ ಕೇಳುತ್ತೇನೆ.