ಹೆಬ್ಬೆರಳಿನಡಿಯ ದಾರಿ

ನಾನು ಹತ್ತು ವರ್ಷದವನಿದ್ದಾಗ ಸೋದರಮಾವ ಕುವೈತ್‌ನಿಂದ ತಂದುಕೊಟ್ಟ ಒಂದು ಚಿತ್ರ ಕಳೆದ ವರ್ಷದವರೆಗೂ ನನ್ನ ಹಾಸ್ಟೆಲ್ ಕೋಣೆಯ ಗೋಡೆಯ ಮೇಲಿತ್ತು. ಮರಳುಗಾಡಿನ ಮೇಲೆ ಒಂದು ಪಕ್ಕಕ್ಕೆ ವಾಲಿಕೊಂಡು ಇಳಿಯುತ್ತಿರುವ ಎ-10 ಯುದ್ಧವಿಮಾನ. ಮೂತಿಗೆ ಶಾರ್ಕ್ ಮೀನಿನ ಹಲ್ಲುಗಳನ್ನು ಬರೆದಿದ್ದಾರೆ. ರೆಕ್ಕೆಯ ಮೇಲಿನ ರಿವೆಟ್ಟುಗಳನ್ನು ಒಂದೊಂದಾಗಿ ಎಣಿಸಬಹುದು. ಯುರೋಪಿನ ಕಾಡುಗಳ ಮೇಲೆ ಹಾರಲೆಂದು ಬಳಿದಿದ್ದ ಅದರ ಕಡುಹಸಿರು ಮೈಗೆ ಹಿಂದಿನ ಕಿತ್ತಳೆ ಆಕಾಶ ಎಷ್ಟು ಚೆನ್ನಾಗಿ ಒಪ್ಪುತ್ತದೆಂದರೆ, ಹುಡುಗನಾಗಿದ್ದಾಗ ನಾನು ಮಲಗುವ ಮೊದಲು ಅದನ್ನೇ ನೋಡುತ್ತಿದ್ದೆ. ಕೆಳಗೆ ಬಲಮೂಲೆಯಲ್ಲಿ ಒಂದು ದಾರಿ, ಅದರ ಮೇಲೆ ಸಾಲಾಗಿ ಉರಿಯುತ್ತಿರುವ ಏನೋ ಕೆಲವು. ಅಡಿಬರಹದಲ್ಲಿ ಊರಿನ ಹೆಸರಿರಲಿಲ್ಲ, ‘ಫೆಬ್ರವರಿ 1991’ ಎಂದಷ್ಟೇ ಇತ್ತು.

‘ಏನೋ ಕೆಲವು’ ಎಂದು ಬರೆದಿರುವುದು ಉದಾಸೀನದಿಂದಲ್ಲ. ಹದಿನೈದು ವರ್ಷ ನಾನು ಅವನ್ನು ನೋಡಿದ್ದು ಹಾಗೆಯೇ.

ಇಂಥ ಚಿತ್ರಗಳದ್ದು ಒಂದು ದೊಡ್ಡ ಲೋಕ. ಇಂಗ್ಲೆಂಡ್, ಅಮೆರಿಕಗಳಲ್ಲಿ ವಿಮಾನಗಳನ್ನು ಮಾತ್ರ ಬರೆದು ಬದುಕುವ ಕಲಾವಿದರಿದ್ದಾರೆ. ಇಂತಿಷ್ಟೇ ಪ್ರತಿ ಎಂದು ಅಚ್ಚು ಹಾಕಿಸಿ, ಕಲಾವಿದನ ಸಹಿಯ ಪಕ್ಕದಲ್ಲಿ ಆ ವಿಮಾನ ಹಾರಿಸಿದ ಪೈಲಟ್‌ನ ಸಹಿಯನ್ನೂ ಹಾಕಿಸಿ ಮಾರುತ್ತಾರೆ. ಕೊಳ್ಳುವವರಿಗೆ ಬೇಕಾದದ್ದು ನಿಖರತೆ. ಬಾಲದ ಮೇಲಿನ ಸಂಖ್ಯೆ ತಪ್ಪಾಗಿದ್ದರೆ ಪತ್ರ ಬರೆಯುತ್ತಾರೆ. ಕೆಳಗಿನ ಲಾರಿಯಲ್ಲಿ ಎಷ್ಟು ಜನ ಇದ್ದರೆಂದು ಕೇಳಿ ಯಾರಾದರೂ ಪತ್ರ ಬರೆದಿದ್ದಾರೆಯೇ ಎಂಬುದು ನನ್ನ ಅನುಮಾನ.

ಮೈಸೂರಿನ ಹಾಸ್ಟೆಲುಗಳಲ್ಲಿ ಇರಾಕ್, ಯೆಮನ್‌ಗಳಿಂದ ಬಂದ ಸಂಶೋಧನಾ ವಿದ್ಯಾರ್ಥಿಗಳು ಅಪರೂಪವೇನಲ್ಲ. ಬಸ್ರಾದ ಗೆಳೆಯನೊಬ್ಬ ಒಂದು ಸಂಜೆ ಇಸ್ತ್ರಿಪೆಟ್ಟಿಗೆ ಕೇಳಲು ನನ್ನ ಕೋಣೆಗೆ ಬಂದ. ಚಿತ್ರದ ಮುಂದೆ ನಿಂತ. ವಿಮಾನವನ್ನು ನೋಡಲೇ ಇಲ್ಲ, ಬಗ್ಗಿ ಬಲಮೂಲೆಯನ್ನು ನೋಡಿದ. ಆಮೇಲೆ ಹೆಬ್ಬೆರಳನ್ನು ಆ ದಾರಿಯ ಮೇಲಿಟ್ಟ. ಇಡೀ ಸಾಲು ಅದರಡಿಯಲ್ಲಿ ಮುಚ್ಚಿಹೋಯಿತು. “ನಮ್ಮಪ್ಪ ಇದೇ ದಾರಿಯಲ್ಲಿ ನಡೆದು ಮನೆಗೆ ಬಂದದ್ದು” ಎಂದ. ಇಸ್ತ್ರಿಪೆಟ್ಟಿಗೆ ತೆಗೆದುಕೊಂಡು ಹೋದ.

ಕುವೈತ್ ನಗರದಿಂದ ಬಸ್ರಾದ ಕಡೆಗೆ ಹೋಗುವ ಆ ರಸ್ತೆಯ ಸಂಖ್ಯೆ 80. 1991ರ ಫೆಬ್ರವರಿ 26ರ ರಾತ್ರಿ, ಇರಾಕಿ ಸೈನಿಕರು ಕೈಗೆ ಸಿಕ್ಕ ವಾಹನ ಹತ್ತಿ ಓಡುತ್ತಿದ್ದಾಗ, ಮುತ್ಲಾ ದಿಣ್ಣೆಯ ಬಳಿ ವಿಮಾನಗಳು ದಾರಿಯನ್ನು ಕಟ್ಟಿದವು. ನಡುವೆ ಸಿಕ್ಕಿಕೊಂಡ ಸಾಲಿನ ಮೇಲೆ ಗಂಟೆಗಟ್ಟಲೆ ದಾಳಿ ನಡೆಯಿತು. ಸಾವಿರಕ್ಕೂ ಹೆಚ್ಚು ವಾಹನಗಳು ಸುಟ್ಟು ನಿಂತವು. ಅನೇಕರು ವಾಹನ ಬಿಟ್ಟು ಮರಳಿಗಿಳಿದು ಓಡಿ ಉಳಿದುಕೊಂಡರು. ಸತ್ತವರ ಲೆಕ್ಕದಲ್ಲಿ ಇಂದಿಗೂ ಒಮ್ಮತವಿಲ್ಲ. ಆ ದಿನಗಳಲ್ಲಿ ಅಮೆರಿಕದ ಛಾಯಾಗ್ರಾಹಕ ಕೆನ್ ಜರೆಕಿ ತೆಗೆದ ಒಂದು ಫೋಟೋ ಇದೆ: ಲಾರಿಯ ಮುಂದಿನ ಗಾಜಿನ ಚೌಕಟ್ಟಿನಿಂದ ಹೊರಬರಲು ಹೊರಟ ಭಂಗಿಯಲ್ಲೇ ಸುಟ್ಟು ಕರಿಕಾದ ಒಬ್ಬ ಸೈನಿಕ. ಅಮೆರಿಕದ ಸುದ್ದಿಸಂಸ್ಥೆ ಅದನ್ನು ಪತ್ರಿಕೆಗಳಿಗೆ ಕಳಿಸಲಿಲ್ಲ. ಲಂಡನ್ನಿನ ‘ಅಬ್ಸರ್ವರ್’ ಮಾರ್ಚ್‌ನಲ್ಲಿ ಅಚ್ಚು ಹಾಕಿತು. ನನ್ನ ಚಿತ್ರ ಮತ್ತು ಆ ಫೋಟೋ, ಎರಡೂ ಒಂದೇ ಯುದ್ಧದ್ದು.

ಫೋಟೋ ನಿಜ, ಚಿತ್ರ ಸುಳ್ಳು ಎಂದು ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ಚಿತ್ರವೂ ಒಂದು ಬಗೆಯಲ್ಲಿ ನಿಜವೇ: ಪೈಲಟ್‌ಗೆ ಕಾಣುವುದು ಅಷ್ಟೇ. ಈ ನೋಟ 1991ರಲ್ಲಿ ಹುಟ್ಟಿದ್ದೂ ಅಲ್ಲ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ ಸಿಡ್ನಿ ಕಾರ್ಲೈನ್ 1920ರಲ್ಲಿ ಮುಗಿಸಿದ ಒಂದು ವರ್ಣಚಿತ್ರವಿದೆ. ಪ್ಯಾಲೆಸ್ಟೈನಿನ ವಾದಿ ಫಾರಾ ಎಂಬ ಕಮರಿಯಲ್ಲಿ, 1918ರ ಸೆಪ್ಟೆಂಬರ್ 21ರಂದು, ಹಿಮ್ಮೆಟ್ಟುತ್ತಿದ್ದ ತುರ್ಕಿ ಸೈನ್ಯದ ಗಾಡಿಗಳ ಸಾಲನ್ನು ಬ್ರಿಟಿಷ್ ವಿಮಾನಗಳು ನಾಶಮಾಡಿದ್ದೇ ಅದರ ವಸ್ತು. ಇಕ್ಕಟ್ಟಾದ ದಾರಿ, ಓಡುತ್ತಿರುವ ಸೈನ್ಯ, ಮೇಲಿಂದ ದಾಳಿ: ಎಪ್ಪತ್ತೆರಡು ವರ್ಷಗಳ ನಂತರ ಮುತ್ಲಾದಲ್ಲಿ ನಡೆದದ್ದೂ ಇದೇ. ಕಾರ್ಲೈನ್ ಸ್ವತಃ ಪೈಲಟ್. ಯುದ್ಧ ಮುಗಿದ ಮೇಲೆ ತಮ್ಮ ರಿಚರ್ಡ್ ಜೊತೆ ಅಲ್ಲಿಗೆ ಹೋಗಿ, ಆಕಾಶದಿಂದಲೇ ನೋಡಿ ಬರೆದವನು. ಬೆಟ್ಟಗಳ ಬಣ್ಣ ನೋಡುತ್ತಾ ಕುಳಿತರೆ ಕೆಳಗೆ ಸಾಯುತ್ತಿರುವವರನ್ನು ಹುಡುಕಬೇಕೆನ್ನುವುದೇ ಮರೆತುಹೋಗುತ್ತದೆ. (ವಾದಿ ಫಾರಾದ ಎರಡೇ ದಿನದ ನಂತರ, ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರ ಜೊತೆ ಹೈಫಾಕ್ಕೆ ನುಗ್ಗಿದರು. ಭರ್ಜಿ ಹಿಡಿದವನಿಗೆ ಎದುರಿನವನ ಮುಖವಾದರೂ ಕಂಡಿರುತ್ತದೆ. ಅದರಿಂದ ಭರ್ಜಿ ಹೆಚ್ಚು ಧರ್ಮದ ಆಯುಧ ಎಂದೇನೂ ನಾನು ಹೇಳುತ್ತಿಲ್ಲ.)

ನನ್ನ ಸಂಶೋಧನೆ ಹಳಗನ್ನಡ ಕಾವ್ಯಗಳ ರಣವರ್ಣನೆಯ ಬಗ್ಗೆ. ಹಗಲೆಲ್ಲ ವೀರರಸದ ಟಿಪ್ಪಣಿ ಮಾಡಿ, ರಾತ್ರಿ ಈ ಚಿತ್ರದ ಕೆಳಗೆ ಮಲಗುತ್ತಿದ್ದವನಿಗೆ ಹೆಬ್ಬೆರಳಿನ ಪ್ರಸಂಗದ ನಂತರ ಒಂದು ವಿಷಯ ಹೊಳೆಯಿತು. ಲಾಕ್ಷಣಿಕರು ರಸಕ್ಕೆ ಆಲಂಬನ ಬೇಕೆನ್ನುತ್ತಾರೆ. ವಿಶ್ವನಾಥನ ‘ಸಾಹಿತ್ಯದರ್ಪಣ’ದ ಪ್ರಕಾರ ವೀರಕ್ಕೆ ಆಲಂಬನ ವಿಜೇತವ್ಯ, ಅಂದರೆ ಗೆಲ್ಲಬೇಕಾದ ಎದುರಾಳಿ. ಅವನಿಲ್ಲದೆ ವೀರವಿಲ್ಲ. ರನ್ನ ಗದಾಯುದ್ಧಕ್ಕೂ ಮೊದಲು ದುರ್ಯೋಧನನನ್ನು ರಣಭೂಮಿಯ ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ಕರ್ಣ, ದುಶ್ಶಾಸನರಷ್ಟೇ ಅಲ್ಲ, ವೈರಿಯ ಮಗ ಅಭಿಮನ್ಯುವಿನ ಎದುರೂ ಅವನು ನಿಲ್ಲಬೇಕಾಗುತ್ತದೆ. ಎದುರಾಳಿಗೆ ಅಲ್ಲಿ ಹೆಸರಿದೆ, ಮೈಯಿದೆ.

ನನ್ನ ಗೋಡೆಯ ಚಿತ್ರದಲ್ಲಿ ವಿಜೇತವ್ಯ ಎಲ್ಲಿ? ಇಲ್ಲ. ಹಾಗಾದರೆ ಹದಿನೈದು ವರ್ಷ ನಾನು ಅನುಭವಿಸಿದ್ದು ವೀರವಲ್ಲ, ಯಂತ್ರದ ಮುಂದೆ ಬಾಯಿ ಬಿಟ್ಟು ನಿಂತ ಅದ್ಭುತ. ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಕತ್ತೆತ್ತಿ ನಿಂತಾಗ ಆಗುವಂಥದ್ದು. ಅದ್ಭುತದಲ್ಲಿ ತಪ್ಪೇನಿಲ್ಲ. ಆದರೆ ನಾನು ಅದನ್ನು ಶೌರ್ಯ ಎಂದು ಕರೆದುಕೊಂಡಿದ್ದೆ. ಹಾಗೆ ಕರೆಯುವುದಕ್ಕಾಗಿಯೇ ಮೂಲೆಯಲ್ಲಿ ಆ ಉರಿಯುವ ಸಾಲು ಬೇಕಾಗಿತ್ತು, ಕಂಡೂ ಕಾಣದಷ್ಟು ಸಣ್ಣದಾಗಿ. ಬರಿಯ ಮರಳಿನ ಮೇಲೆ ಹಾರುವ ವಿಮಾನವನ್ನು ನಾನು ಅಷ್ಟು ಪ್ರೀತಿಸುತ್ತಿರಲಿಲ್ಲ. ಇದು ಒಪ್ಪಿಕೊಳ್ಳಲು ಹಿತವಾದ ಮಾತಲ್ಲ.

ಬೇರೆ ಬಗೆಯ ಚಿತ್ರವೂ ಸಾಧ್ಯವಿತ್ತು. ಅದೇ ಮ್ಯೂಸಿಯಂ 1991ರಲ್ಲಿ ಜಾನ್ ಕೀನ್ ಎಂಬ ಕಲಾವಿದನನ್ನು ಕೊಲ್ಲಿಗೆ ಕಳಿಸಿತ್ತು. ಆತ ಬರೆದದ್ದು ಹಾಳುಬಿದ್ದ ಕಡಲತೀರ, ಕ್ಷಿಪಣಿಗಳನ್ನು ತುಂಬಿದ ಅಂಗಡಿಯ ತಳ್ಳುಗಾಡಿ, ಪಕ್ಕದಲ್ಲಿ ನಗುತ್ತಿರುವ ಮಿಕ್ಕಿ ಮೌಸ್. ಸೈನಿಕರಿಗೆ ಅವಮಾನವೆಂದು ಬ್ರಿಟನ್ನಿನ ಕೆಲವು ಪತ್ರಿಕೆಗಳು ಕೂಗಾಡಿದವು. ಒಳ್ಳೆಯ ಚಿತ್ರವೇ. ಆದರೂ ಅದನ್ನು ಹತ್ತು ವರ್ಷದ ಸೋದರಳಿಯನಿಗೆಂದು ಯಾರೂ ತರುವುದಿಲ್ಲ.

ಮಾವ ಇದನ್ನು ಏಕೆ ತಂದರು ಎಂಬುದನ್ನೂ ಹೇಳಬೇಕು. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ನುಂಗಿದಾಗ ಮಾವ ಅಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಅಂಗಡಿಯನ್ನು ಸೈನಿಕರು ದೋಚಿದರು. ಉಳಿಸಿಟ್ಟ ದಿನಾರುಗಳು ಕಾಗದವಾದವು. ಇರಾಕ್ ದಾಟಿ ಜೋರ್ಡಾನ್ ತಲುಪಿ, ಅಮ್ಮಾನ್‌ನಿಂದ ಏರ್ ಇಂಡಿಯಾ ಕರೆತಂದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ಒಬ್ಬರಾಗಿ ಉಡುಪಿಗೆ ಬಂದಾಗ ಅವರ ಬಳಿ ಇದ್ದದ್ದು ಒಂದು ಕೈಚೀಲ. ಎರಡು ವರ್ಷದ ನಂತರ ಮತ್ತೆ ಅಲ್ಲಿಗೇ ಹೋಗಿ ಕೆಲಸ ಹಿಡಿದರು. ಆ ವಿಮಾನ ಅವರಿಗೆ ಸೌಂದರ್ಯವಲ್ಲ, ನ್ಯಾಯ. ಮೂಲೆಯಲ್ಲಿ ಉರಿಯುತ್ತಿರುವವರು ಅವರಿಗೆ ‘ಏನೋ ಕೆಲವು’ ಅಲ್ಲ. ಮುಖ ಕಂಡಿದ್ದ ಜನ. ಹಾಗಾಗಿ, ವಿಚಿತ್ರವೆನಿಸಿದರೂ, ಆ ಚಿತ್ರದಲ್ಲಿ ವಿಜೇತವ್ಯ ಇದ್ದದ್ದು ಮಾವನಿಗೆ ಮಾತ್ರ. ಅದನ್ನು ಗೋಡೆಗೆ ಹಾಕಿಕೊಳ್ಳುವ ಹಕ್ಕು ಅವರಿಗಿದೆಯೇನೋ. ಮೇಲೂ ಇಲ್ಲದ ಕೆಳಗೂ ಇಲ್ಲದ ನನಗೆ?

ಗೆಳೆಯ ಮತ್ತೊಂದು ದಿನ ಬಂದು ಮೊಬೈಲಿನಲ್ಲಿ ಚಿತ್ರದ ಫೋಟೋ ತೆಗೆದು ಅಪ್ಪನಿಗೆ ಕಳಿಸಿದ. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಎರಡು ದಿನ ಬಿಟ್ಟು ಉತ್ತರ ಬಂತು. ದೂರಿರಲಿಲ್ಲ, ಕೋಪವಿರಲಿಲ್ಲ. ಆಕಾಶ ಇಷ್ಟು ಚೊಕ್ಕಟವಾಗಿ ಏಕಿದೆ ಎಂದು ಕೇಳಿದ್ದರು. ಆ ವಾರ ಮೋಡ, ಮಳೆ. ಹೊತ್ತಿಸಿದ್ದ ಆರುನೂರಕ್ಕೂ ಹೆಚ್ಚು ತೈಲಬಾವಿಗಳ ಹೊಗೆ. ಮಳೆಹನಿ ಬಿದ್ದಲ್ಲೆಲ್ಲ ಅಂಗಿ ಕಪ್ಪಾಗಿತ್ತಂತೆ.

ಅಂದು ರಾತ್ರಿ ಚಿತ್ರವನ್ನು ಇಳಿಸಿದೆ. ಹರಿದು ಹಾಕಲು ಮನಸ್ಸಾಗಲಿಲ್ಲ, ಸುರುಳಿ ಸುತ್ತಿ ಟ್ರಂಕಿನಲ್ಲಿಟ್ಟೆ.

ದೀಪಾವಳಿಗೆ ಊರಿಗೆ ಹೋದಾಗ ಮಾವನಿಗೆ ಎಲ್ಲವನ್ನೂ ಹೇಳಿದೆ. ಬೇಸರ ಮಾಡಿಕೊಳ್ಳುತ್ತಾರೆಂದು ಹೆದರಿದ್ದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡರು. ಮಳೆಯ ವಿಷಯ ಬಂದಾಗ ಕೈ ಒಂದು ಕ್ಷಣ ನಿಂತಿತು.

“ಆ ಅಪ್ಪ ಕುವೈತ್‌ನಲ್ಲಿ ಯಾವ ಕಡೆ ಇದ್ದದ್ದಂತೆ?” ಎಂದರು. “ನಮ್ಮ ಅಂಗಡಿ ಇದ್ದದ್ದು ಸಾಲ್ಮಿಯಾದಲ್ಲಿ. ಕೇಳಿ ನೋಡು ಮಾರಾಯ.”

ಗೆಳೆಯನನ್ನು ದಿನಾ ಮೆಸ್ಸಿನಲ್ಲಿ ನೋಡುತ್ತೇನೆ. ಇನ್ನೂ ಕೇಳಿಲ್ಲ.