ಅಪ್ಪ ‘ಹಿ’, ಸಾಹೇಬರು ‘ದೆ’

ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ಯುವಜನ ಬಳಗದವರು ಮಕ್ಕಳಿಗೆ ಒಂದು ಗಂಟೆ ಇಂಗ್ಲಿಷ್ ಹೇಳಿಕೊಡುತ್ತೇವೆ. ಹೋದ ತಿಂಗಳು ‘ನನ್ನ ಅಪ್ಪನ ಕೆಲಸ’ ಎಂಬ ವಿಷಯ ಕೊಟ್ಟಿದ್ದೆವು. ಬಂದರಿನಲ್ಲಿ ಲೋಡಿಂಗ್ ಮಾಡುವವರೊಬ್ಬರ ಮಗ ಅಪ್ಪನಿಗೆ ಉದ್ದಕ್ಕೂ ‘ಹಿ’ ಎಂದು ಬರೆದಿದ್ದ. ಪಾಳಿ ಹಂಚುವ ಸಾಹೇಬರು ಬಂದಲ್ಲೆಲ್ಲ ‘ದೆ’. ಸಾಹೇಬರು ಇರುವುದು ಒಬ್ಬರೇ.

ಕನ್ನಡದ ಮಕ್ಕಳ ಮಾಮೂಲಿ ತಪ್ಪು ಇದು. ‘ಅವರು’ ಎಂಬುದನ್ನು ಹಾಗೇ ಎತ್ತಿ ಇಂಗ್ಲಿಷಿನಲ್ಲಿ ಇಡುತ್ತಾರೆ. ಕೆಂಪು ಪೆನ್ನಿನಿಂದ ‘ದೆ’ ಹೊಡೆದು ‘ಹಿ’ ಮಾಡಿದೆವು. ಹುಡುಗ ಕೇಳಿದ: “ಸಾಹೇಬ್ರಿಗೂ ಅಪ್ಪಗೂ ಒಂದೇ ಏನು?” ಇಂಗ್ಲಿಷಿನಲ್ಲಿ ಹೌದು, ಎಂದೆವು. ಕನ್ನಡದಲ್ಲಿ ಏಕೆ ಅಲ್ಲ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಬಿ.ಎಸ್ಸಿ. ಓದಿದ ನಮ್ಮ ಬಳಿ ಉತ್ತರವಿರಲಿಲ್ಲ.

ಕನ್ನಡದಲ್ಲಿ ಒಬ್ಬರ ಬಗ್ಗೆ ಬಾಯಿ ತೆರೆಯುವ ಮುನ್ನವೇ ‘ಅವನು’ ಎನ್ನಬೇಕೋ ‘ಅವರು’ ಎನ್ನಬೇಕೋ ತೀರ್ಮಾನಿಸಬೇಕು. ಸರ್ವನಾಮ ಬಿಟ್ಟರೂ ಕ್ರಿಯಾಪದ ಬಿಡುವುದಿಲ್ಲ: ಬಂದ, ಬಂದರು. ಹಾಗಾದರೆ ಅಪ್ಪನಿಗೆ ಏಕವಚನ ಅಗೌರವವೇ? ಉತ್ತರ ಕರ್ನಾಟಕದಿಂದ ಬಂದ ನಮ್ಮ ಎಷ್ಟೋ ಮನೆಗಳಲ್ಲಿ ‘ಅಪ್ಪ ಬಂದ’ ಎನ್ನುವುದು ಸಲಿಗೆ. ಬಸವಣ್ಣನವರು ಕೂಡಲಸಂಗಮದೇವನನ್ನೇ ‘ನೀನು’ ಎಂದರು. ಆದರೆ ಮಗನ ವಯಸ್ಸಿನ ಗುಮಾಸ್ತರೊಬ್ಬರು ಅದೇ ಅಪ್ಪನಿಗೆ ‘ಬಾರೋ ಇಲ್ಲಿ’ ಎಂದರೆ ಅದು ಸಲಿಗೆಯಲ್ಲ. ಪದ ಒಂದೇ ಆದಾಗ ನಮಗೆ ತೋಚಿದ ಪರೀಕ್ಷೆ ಇಷ್ಟು: ಅವರೂ ತಿರುಗಿ ಹಾಗೇ ಕರೆಯಬಹುದೇ? ಅಪ್ಪ-ಮಗ ಪರಸ್ಪರ ‘ನೀನು’ ಎನ್ನುತ್ತಾರೆ. ಗುಮಾಸ್ತರಿಗೆ ‘ಬಾರೋ’ ಎಂದವರ ಪಾಳಿ ಮರುದಿನ ಉಳಿಯುವುದಿಲ್ಲ.

ಇಂಗ್ಲಿಷಿನಲ್ಲೂ ‘ದೌ’ ಎಂಬ ಏಕವಚನವಿತ್ತು. 17ನೇ ಶತಮಾನದಲ್ಲಿ ಜಾರ್ಜ್ ಫಾಕ್ಸ್ ಮತ್ತು ಅವರ ಜೊತೆಯ ಕ್ವೇಕರರು ದೊಡ್ಡವರು ಚಿಕ್ಕವರೆನ್ನದೆ ಎಲ್ಲರಿಗೂ ಅದನ್ನೇ ಬಳಸಿ ಬೈಗುಳವನ್ನೂ ಹೊಡೆತವನ್ನೂ ತಿಂದರು. ಕೊನೆಗೆ ಬಳಕೆಯಲ್ಲಿ ಉಳಿದದ್ದು ‘ಯು’, ಅಂದರೆ ನಮ್ಮ ‘ನೀವು’. ಅವರು ಎಲ್ಲರನ್ನೂ ಒಂದು ಮೆಟ್ಟಿಲು ಇಳಿಸಿ ಸಮ ಮಾಡಲು ಹೊರಟರು. ಭಾಷೆ ಎಲ್ಲರನ್ನೂ ಒಂದು ಮೆಟ್ಟಿಲು ಹತ್ತಿಸಿತು. ಹಾಗೆಂದು ಇಂಗ್ಲಿಷ್ ಆಡುವ ಕಚೇರಿಗಳಲ್ಲಿ ಮೇಲು-ಕೀಳು ಇಲ್ಲವೆಂದಲ್ಲ. ‘ಸರ್’ ಇದೆಯಲ್ಲ!

1880ರ ದಶಕದಲ್ಲಿ ಕ್ಯಾಸಲ್‌ರಾಕ್ ಘಾಟಿಯ ರೈಲು ಮುರ್ಮುಗಾಂವ್ ಬಂದರನ್ನು ಹುಬ್ಬಳ್ಳಿಯ ಕಡೆಗೆ ಜೋಡಿಸಿತು. ನಮ್ಮಲ್ಲಿ ಅನೇಕರ ಹಿರಿಯರು ದುಡಿಮೆ ಹುಡುಕಿ ಬಂದದ್ದು ಆ ದಾರಿಯಲ್ಲೇ. ಇಲ್ಲಿಯ ಕೊಂಕಣಿಯ ಧಾರಾಳ ‘ತೂಂ’ ಕೇಳಿ ಅವರು ಮೊದಮೊದಲು ನೊಂದುಕೊಂಡದ್ದುಂಟು. ಪರಸ್ಪರ ಹಾಗೇ ಕರೆಯುತ್ತಾರೆ ಎಂದು ತಿಳಿಯಲು ಕಾಲ ಹಿಡಿಯಿತು. ಏಕವಚನದ ನೋವು ಗೊತ್ತಿದ್ದ ಮನೆಗಳವರು ನಾವು.

ಆದರೂ ಹೋದ ಸಂಚಿಕೆಯ ಪ್ರಕಟಣೆ ನೋಡಿ: ‘ಗುರುಗಳು ಆರು ಗಂಟೆಗೆ ಬರುತ್ತಾರೆ, ಮೈಕಿನವನು ಐದಕ್ಕೇ ಬರುತ್ತಾನೆ.’ ಬರೆದವರು ನಾವೇ. ಯಾರೂ ಆಕ್ಷೇಪಿಸಲಿಲ್ಲ, ಮೈಕಿನವರೂ ಸಹ. ಅವರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ.